ಇನ್ನೂ ಬಾರದವರ ಗುರುತು

ಮುಂಗಾರು ಹಿಂದೆ ಸರಿದು ಹಿಂಗಾರು ಇನ್ನೂ ಕಟ್ಟದ ಆ ನಡುವಿನ ವಾರಗಳಲ್ಲಿ ತಾಳವಾಡಿಗೆ ಬೆಳಗು ತಡವಾಗಿ ಬರುತ್ತದೆ. ದಿಂಬಂ ಘಾಟಿಯ 27 ತಿರುವುಗಳನ್ನು ಏರಿ ಬಂದ ಮಂಜು ಹಾಸನೂರಿನ ಕಾಡಿನಲ್ಲಿ ರಾತ್ರಿಯೆಲ್ಲ ತಂಗಿದ್ದು, ಎಲೆಕೋಸಿನ ಹೊಲಗಳ ಮೇಲೆ, ಅರಿಸಿನದ ಅಗಲ ಎಲೆಗಳ ಮೇಲೆ, ಇನ್ನೂ ಬಲಿಯದ ರಾಗಿತೆನೆಗಳ ಮೇಲೆ ಮೆಲ್ಲನೆ ಹಾಯುತ್ತ, ಶಾಲೆಯ ಅಂಗಳ ಮುಟ್ಟುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬರಿಯ ತಂಪಾಗಿ ಉಳಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹೆಚ್ಚುವುದೂ ಈ ವಾರಗಳಲ್ಲೇ. ‘ಜ್ವರ ಸಾ’ ಎಂದು ಪಕ್ಕದವರು ಕೂಗುತ್ತಾರೆ. ನಾಲ್ಕಾರು ದಿನ ಕಳೆದ ಮೇಲೆ ಆ ಮಗು ತಲೆಗೆ ಟವೆಲು ಸುತ್ತಿಕೊಂಡು, ತುಟಿ ಒಣಗಿಸಿಕೊಂಡು, ಕಣ್ಣಲ್ಲಿ ಏನೋ ಒಂದು ದೂರದ ಹೊಳಪು ಇಟ್ಟುಕೊಂಡು ಬಂದು ತನ್ನ ಬೆಂಚಿನ ತುದಿಯಲ್ಲಿ ಕೂರುತ್ತದೆ. ಆ ನಾಲ್ಕಾರು ದಿನ ಅದರ ಮೈಯೊಳಗೆ ನಡೆದದ್ದನ್ನೇ ನಾನು ಕರಿಹಲಗೆಯ ಮೇಲೆ ಬರೆದು ತೋರಿಸಬೇಕು. ಸೀಮೆಸುಣ್ಣ ಹಿಡಿದು ನಿಂತಾಗಲೆಲ್ಲ, ಎಲ್ಲಿಂದ ಶುರು ಮಾಡಿದರೂ ನಡುವಿನಿಂದಲೇ ಶುರು ಮಾಡಿದ್ದೇನೆ ಅನ್ನಿಸುತ್ತದೆ.

ಪುಸ್ತಕ ಚೆನ್ನೈಯಿಂದ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ, ಮಕ್ಕಳ ಮಾತು ಚಾಮರಾಜನಗರದ್ದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ಈ ಬೆಟ್ಟದ ಊರುಗಳು ಮದರಾಸಿನಲ್ಲೇ ಉಳಿದವು. ಅಂದಿನಿಂದ ಇಲ್ಲಿಯ ಮಕ್ಕಳು ಎರಡೂ ಕಡೆಯ ಬಸ್ಸಿಗೆ ಕಾಯುತ್ತ ಬೆಳೆಯುತ್ತಾರೆ. ವೈರಾಣುವಿನ ಪಾಠವನ್ನು ಯಾವ ಭಾಷೆಯಲ್ಲಾದರೂ ಯುದ್ಧದ ಮಾತಿನಲ್ಲೇ ಹೇಳುವುದು ರೂಢಿ: ಚರ್ಮ ಕೋಟೆ, ಬಿಳಿ ರಕ್ತಕಣ ಸೈನಿಕ, ಜ್ವರ ಕಾಳಗ. ಹಾಗೆ ಹೇಳಿದರೆ ಮಕ್ಕಳಿಗೆ ಬೇಗ ಹಿಡಿಯುತ್ತದೆ, ನಿಜ. ಆದರೆ ಈ ಊರುಗಳಲ್ಲಿ ಬಂದೂಕಿನ ನೆನಪು ಇನ್ನೂ ಆರಿಲ್ಲ. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ ಮೇಲಿನ 108 ದಿನಗಳು, ಅದಕ್ಕೂ ಮುಂಚೆ ಎರಡು ರಾಜ್ಯಗಳ ಪೊಲೀಸರು ಇದೇ ಕಾಡನ್ನು ಜಾಲಾಡುತ್ತಿದ್ದ ವರ್ಷಗಳು, ಈ ಮಕ್ಕಳ ಹಿರಿಯರ ಮಾತಿನ ನಡುವೆ ಇಂದಿಗೂ ದನಿ ತಗ್ಗಿಸಿಕೊಂಡು ಬಂದು ಹೋಗುತ್ತವೆ. ಅದಕ್ಕೇ ಇರಬೇಕು, ಮೈಯೊಳಗೂ ಒಂದು ಪಡೆ ಬೀಡು ಬಿಟ್ಟಿದೆ ಎಂದು ಇಲ್ಲಿ ನಿಂತು ಹೇಳಲು ನನಗೆ ನಾಲಿಗೆ ಹೊರಳದು. ಅಲ್ಲದೆ, ನೋಡುತ್ತ ಹೋದಷ್ಟೂ, ಅಲ್ಲಿ ಹೊಡೆತಕ್ಕಿಂತ ಗುರುತು ಹಿಡಿಯುವ ಕೆಲಸವೇ ಹೆಚ್ಚು ನಡೆಯುತ್ತದೆ ಅನ್ನಿಸುತ್ತದೆ: ಯಾರು ನಮ್ಮವರು, ಯಾರು ಹೊಸಬರು, ಯಾರು ಹಿಂದೊಮ್ಮೆ ಬಂದು ಹೋದವರು.

ಬರುವವನ ಸಣ್ಣತನವನ್ನು ಮೊದಲು ಹೇಳಬೇಕು. ಫ್ಲೂ ವೈರಾಣುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರು ತುಂಬಲು ಸುಮಾರು 10,000 ಬೇಕು. ಉಸಿರಿಲ್ಲ, ಹಸಿವಿಲ್ಲ, ನಡೆಯಲು ಕಾಲಿಲ್ಲ. ಕೊಬ್ಬಿನ ತೆಳು ಹೊದಿಕೆಯೊಳಗೆ ಸುರುಳಿ ಸುತ್ತಿದ ಎಂಟು ತುಂಡು ಆರ್‌ಎನ್‌ಎ, ಅಷ್ಟೇ ಅದರ ಸಂಸಾರ. ಅದು ಗಂಟಲ ಒದ್ದೆಯಲ್ಲಿ ಎಲ್ಲೋ ಒಂದು ಜೀವಕೋಶಕ್ಕೆ ಅಂಟಿ ಒಳಗೆ ಜಾರಿದ ಕ್ಷಣ ಮಗುವಿಗೆ ಏನೂ ತಿಳಿಯುವುದಿಲ್ಲ. ಅದು ಆಗ ಬಸ್ಸಿನ ಕಿಟಕಿಯಲ್ಲಿ ಮುಖವಿಟ್ಟುಕೊಂಡು ರಸ್ತೆಯಂಚಿನ ಜಿಂಕೆಗಳನ್ನು ಎಣಿಸುತ್ತಿರಬಹುದು. ಆದರೆ ಆ ಒಂದು ಕೋಶಕ್ಕೆ ತಿಳಿಯುತ್ತದೆ. ತನ್ನದಲ್ಲದ ರೂಪದ ಆರ್‌ಎನ್‌ಎ ಒಳಗೆ ತಡಕಿದ್ದೇ ತಡ, ಅದು ಒಂದು ಬಗೆಯ ಪ್ರೋಟೀನನ್ನು ಹೊರಕ್ಕೆ ಬಿಡುತ್ತದೆ. ಸುತ್ತಲಿನ ಕೋಶಗಳು ಅದನ್ನು ಪಡೆದು ತಮ್ಮ ತಯಾರಿಕೆಯನ್ನೆಲ್ಲ ನಿಧಾನ ಮಾಡಿಕೊಂಡು, ಬಂದದ್ದಕ್ಕೆ ನಕಲು ಮಾಡಿಕೊಳ್ಳಲು ಏನೂ ಸಿಗದ ಹಾಗೆ ಮುದುಡಿ ಕಾಯುತ್ತವೆ. ಬಿಟ್ಟ ಕೋಶ ಹಲವು ಸಲ ಉಳಿಯುವುದಿಲ್ಲ. ತಾನು ಸಾಯುವ ಮುನ್ನ ನೆರೆಯವರಿಗೆ ಹೇಳಿ ಸಾಯುವ ಈ ಸಂಗತಿಯನ್ನು ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕೋಳಿಮೊಟ್ಟೆಯೊಳಗಿನ ಪೊರೆಗಳಲ್ಲಿ ಕಂಡುಕೊಂಡು ಇಂಟರ್‌ಫೆರಾನ್ ಎಂದು ಹೆಸರಿಟ್ಟದ್ದು 1957ರಲ್ಲಿ. ಅದೇ ವರ್ಷ ಏಷ್ಯನ್ ಫ್ಲೂ ಮದರಾಸಿಗೆ ಬಂದು ದೇಶವೆಲ್ಲ ಹಬ್ಬಿತು. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಇಂದು ಮಂಗನ ಕಾಯಿಲೆ ಎನ್ನುವ ಜ್ವರದ ವೈರಾಣು ಮನುಷ್ಯರ ಕಣ್ಣಿಗೆ ಬಿತ್ತು. 2012ರಲ್ಲಿ ಅದು ನಮ್ಮ ನೆರೆಯ ಬಂಡೀಪುರದಲ್ಲೂ ಕಾಣಿಸಿಕೊಂಡಿತು. ಒಂದೇ ವರ್ಷದ ಮಡಿಲಲ್ಲಿ ಇವೆಲ್ಲ ಒಟ್ಟಿಗೆ ಬಿದ್ದಿರುವುದಕ್ಕೆ ಅರ್ಥವೇನೂ ಇರಲಾರದು. ಆದರೂ ಆ ಅಂಕಿಯನ್ನು ಹಲಗೆಯ ಮೇಲೆ ಬರೆದಾಗ ಅಳಿಸಲು ಸ್ವಲ್ಪ ತಡಮಾಡುತ್ತೇನೆ.

ಸಂಜೆ ಊರಿನ ಮೇಲೆ ಹೊಗೆ ಏಳುತ್ತದೆ. ಮನೆಮನೆಗೆ ಗ್ಯಾಸು ಬಂದರೂ ಹಿತ್ತಿಲ ಸೌದೆ ಒಲೆ ಇನ್ನೂ ಆರಿಲ್ಲ. ಯಾರ ಮನೆಯಲ್ಲಿ ಹುರುಳಿ ಬಸ್ಸಾರು, ಯಾರ ಮನೆಯಲ್ಲಿ ಒಗ್ಗರಣೆ ಸೀದಿದೆ, ಯಾರ ಮನೆಗೆ ನೆಂಟರು ಬಂದು ಕೋಳಿ ಬೇಯುತ್ತಿದೆ ಎಂಬುದು ಬೀದಿಯಲ್ಲಿ ನಡೆದು ಹೋಗುವವನಿಗೆ ಬಾಗಿಲು ತಟ್ಟದೆಯೇ ಗೊತ್ತಾಗುತ್ತದೆ. ಮೈಯ ಕೋಶಗಳೂ ಹೀಗೆಯೇ ಬದುಕುತ್ತವೆ ಎಂದು ಹೇಳಿದಾಗ ಮಕ್ಕಳ ಮುಖದಲ್ಲಿ ಏನೋ ಬಿಚ್ಚಿಕೊಳ್ಳುತ್ತದೆ. ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಪುಟ್ಟ ಪುಟ್ಟ ಚೂರುಗಳನ್ನು, ಎಂಟೊಂಬತ್ತು ಅಮೈನೋ ಆಮ್ಲದಷ್ಟೇ ಉದ್ದದ ಚೂರುಗಳನ್ನು, ಹಗಲಿರುಳು ತನ್ನ ಹೊರಮೈಗೆ ಎತ್ತಿ ತೋರುತ್ತಲೇ ಇರುತ್ತದೆ. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯವಾದ ಟಿ ಕಣಗಳು ಬೀದಿಯುದ್ದಕ್ಕೂ ಅದನ್ನು ಮೂಸುತ್ತ ಸಾಗುತ್ತವೆ. ಎಲ್ಲ ಮನೆಯದೂ ಬಲ್ಲ ಅಡುಗೆಯೇ. ಒಂದು ಮನೆಯಲ್ಲಿ ಮಾತ್ರ ಈ ಊರಿನಲ್ಲಿ ಯಾರೂ ಎಂದೂ ಬೇಯಿಸದ ಏನೋ ಬೇಯುತ್ತಿದೆ. ಆ ಪರಿಮಳವನ್ನೂ ಟಿ ಕಣ ನಮ್ಮದೇ ಮನೆಯ ಮಾಡಿನಿಂದ ಬಂದರೆ ಮಾತ್ರ ಓದಬಲ್ಲದು, ಪರರ ಮೈಯ ಕೋಶ ತೋರಿದರೆ ಓದಲಾರದು ಎಂಬುದನ್ನು 1974ರಲ್ಲಿ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇಲಿಗಳಲ್ಲಿ ಕಂಡರು. ಗುರುತು ಸಿಕ್ಕ ಮೇಲೆ ಗದ್ದಲವಿಲ್ಲ: ಟಿ ಕಣ ಆ ಕೋಶಕ್ಕೆ ಒತ್ತಿ ನಿಂತು, ತೂತು ಕೊರೆದು, ಒಳಕ್ಕೆ ಒಂದಿಷ್ಟು ಕಿಣ್ವವನ್ನು ಬಿಡುತ್ತದೆ, ಕೋಶ ಒಡೆದು ಚೆಲ್ಲದೆ ತನ್ನನ್ನು ತಾನೇ ಮಡಿಚಿಕೊಂಡು ಚೂರುಚೂರಾಗಿ ಅಡಗುತ್ತದೆ.

ಕೆಲವು ವೈರಾಣುಗಳು ಇದನ್ನೂ ಅರಿತಿವೆ. ಕೋಶದ ಒಳಗೆ ಕೂತು, ಹೊರಗೆ ಏನನ್ನೂ ತೋರದ ಹಾಗೆ ಮಾಡಿಬಿಡುತ್ತವೆ. ಆಗ ಇನ್ನೊಂದು ಬಗೆಯ ಕಣ ಬರುತ್ತದೆ, ಅದು ಹುಡುಕುವುದು ಹೊಸ ವಾಸನೆಯನ್ನಲ್ಲ, ಹೊಗೆ ಏಳದ ಮನೆಯನ್ನು. ಸ್ಟಾಕ್‌ಹೋಮಿನ ಕ್ಲಾಸ್ ಕಾರ್ರೆ ಮತ್ತು ಸಂಗಡಿಗರು 1986ರಲ್ಲಿ ಪ್ರಯೋಗದಿಂದ ತೋರಿದ ಮಾತಿದು. ಹೊಗೆ ಕಾಣದಿದ್ದರೆ ನೆರೆಮನೆಯವರು ಬಂದು ವಿಚಾರಿಸುವ ಊರಿನಲ್ಲಿ ಇದನ್ನು ವಿವರಿಸಲು ನನಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಇಷ್ಟರ ನಡುವೆ ಮೈ ಕಾದಿರುತ್ತದೆ. ಜ್ವರವನ್ನು ರೋಗ ಎನ್ನುತ್ತೇವೆ. ಆದರೆ ಆ ಬಿಸಿಯನ್ನು ಏರಿಸಿದ್ದು ವೈರಾಣುವಲ್ಲ, ನಮ್ಮದೇ ಮಿದುಳಿನ ಒಂದು ಮೂಲೆ. ಗಲ್ಲದ ಕೆಳಗೆ, ಕಂಕುಳಲ್ಲಿ ಕೈಗೆ ಸಿಗುವ ಸಣ್ಣ ನೋವಿನ ಗಂಟುಗಳನ್ನು ಮುಟ್ಟಿ ನೋಡಿಕೊಳ್ಳಲು ಹೇಳುತ್ತೇನೆ. ಇಡೀ ತರಗತಿ ಒಂದೇ ಸಲ ಕತ್ತು ಎತ್ತಿ, ಬೆರಳಿಟ್ಟು, ಉಸಿರು ಹಿಡಿದು ಹುಡುಕುತ್ತದೆ. ಆ ಅರೆನಿಮಿಷ ಪ್ರಾರ್ಥನೆಯ ಹೊತ್ತಿನಲ್ಲೂ ಇರದ ಮೌನ. ಆ ಗಂಟುಗಳೊಳಗೇ ನಡೆಯುವುದು ಭೇಟಿ. ಗಂಟಲಿನಿಂದ ವೈರಾಣುವಿನ ಚೂರನ್ನು ಹೊತ್ತು ತಂದ ಕಣವೊಂದು ಅಲ್ಲಿ ಕಾದು ನಿಲ್ಲುತ್ತದೆ. ಎದುರಿಗೆ ಟಿ ಕಣಗಳ ಜಾತ್ರೆ ಹರಿಯುತ್ತದೆ, ಒಂದೊಂದೂ ಬಂದು, ತಾಕಿ, ತನ್ನದಲ್ಲವೆಂದು ಮುಂದೆ ಹೋಗುತ್ತದೆ. ಆ ಒಂದು ಚೂರಿಗೆ ಹೊಂದುವ ಕಣ ಲಕ್ಷಕ್ಕೊಂದು, ಕೆಲವು ಸಲ ಹತ್ತು ಲಕ್ಷಕ್ಕೊಂದು. ಅದು ಬಂದು ತಾಕಿದಾಗ ನಿಲ್ಲುತ್ತದೆ. ನಿಂತು, ಉಬ್ಬಿ, ಒಡೆದು ಎರಡಾಗಿ, ನಾಲ್ಕಾಗಿ, ದಿನಕ್ಕೆ ಎರಡು ಮೂರು ಸಲ ಇಮ್ಮಡಿಸುತ್ತ ಸಾವಿರಗಳಾಗಿ ಹೊರಡುತ್ತದೆ. ಮಗು ಹಾಸಿಗೆಯಲ್ಲಿ ಮಲಗಿದ ಆ ನಾಲ್ಕಾರು ದಿನದ ಬಹುಪಾಲು ಈ ಹುಡುಕಾಟಕ್ಕೆ ಮತ್ತು ಈ ಇಮ್ಮಡಿಸುವಿಕೆಗೆ ಹೋಗಿರುತ್ತದೆ.

ಆ ಒಂದು ಕಣಕ್ಕೆ ಆ ಚೂರಿನ ಆಕಾರ ಮೊದಲೇ ಹೇಗೆ ಗೊತ್ತಿತ್ತು? ಇಲ್ಲಿಗೆ ಬಂದಾಗ ನನ್ನ ದನಿ ತಾನಾಗಿ ಇಳಿಯುತ್ತದೆ. ವೈರಾಣು ಬಂದ ಮೇಲೆ ಮೈ ಅದಕ್ಕೆ ತಕ್ಕ ಅಚ್ಚು ತಯಾರಿಸುತ್ತದೆ ಎಂದೇ ದೊಡ್ಡ ದೊಡ್ಡವರು ಬಹಳ ಕಾಲ ನಂಬಿದ್ದರು. ಹಾಗಲ್ಲ, ಅಚ್ಚುಗಳೆಲ್ಲ ಮೊದಲೇ ಇವೆ, ಬಂದವನು ತನಗೆ ಹೊಂದುವುದನ್ನು ಎಬ್ಬಿಸುತ್ತಾನೆ ಅಷ್ಟೇ ಎಂದು ಮ್ಯಾಕ್‌ಫಾರ್ಲೇನ್ ಬರ್ನೆಟ್ ಬರೆದದ್ದೂ ಅದೇ 1957ರಲ್ಲಿ. ನಮ್ಮ ವಂಶವಾಹಿಗಳು ಒಟ್ಟು 20,000ದ ಆಸುಪಾಸು. ಬಿ ಕಣಗಳೆಂಬ ಇನ್ನೊಂದು ಬಗೆ ಗುರುತು ಹಿಡಿಯಲು ಹೊರಬಿಡುವ ಪ್ರತಿಕಾಯದ ರೂಪಗಳೋ ಸಾವಿರಾರು ಕೋಟಿ. ಇಷ್ಟರಿಂದ ಅಷ್ಟು ಹೇಗೆ ಎಂಬುದನ್ನು 1976ರಲ್ಲಿ ಬಾಸೆಲ್‌ನಲ್ಲಿ ಸುಸುಮು ತೊನೆಗಾವ ತೋರಿದರು. ಮೂಳೆಯ ನೆಣದಲ್ಲಿ ಬಿ ಕಣ ಹುಟ್ಟುವಾಗ ತನ್ನ ಡಿಎನ್‌ಎಯ ತುಂಡುಗಳನ್ನೇ ಕತ್ತರಿಸುತ್ತದೆ, ಇಲ್ಲೊಂದು ಅಲ್ಲೊಂದು ಆರಿಸಿ ಜೋಡಿಸುತ್ತದೆ, ಜೋಡಿಸಿದ ಸಂದಿಯಲ್ಲಿ ಒಂದೆರಡು ಅಕ್ಷರ ಕಳೆಯುತ್ತದೆ, ಒಂದೆರಡು ಸೇರಿಸುತ್ತದೆ, ಯಾರನ್ನೂ ಕೇಳದೆ, ಯಾವ ರೋಗವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ. ಹೀಗೆ, ಬಿ ಆಗಲಿ ಟಿ ಆಗಲಿ, ಪ್ರತಿಯೊಂದು ಕಣವೂ ತನ್ನದೇ ಒಂದು ಗುರುತನ್ನು ಹೊತ್ತು ಹುಟ್ಟುತ್ತದೆ. ಅವುಗಳಲ್ಲಿ ಬಹುಪಾಲು ತಮಗೆ ಹೊಂದುವ ಯಾರನ್ನೂ ಕಾಣದೆಯೇ ಸವೆದು ಹೋಗುತ್ತವೆ. ಆದರೆ ನನ್ನೆದುರು ಮೂರನೇ ಬೆಂಚಿನಲ್ಲಿ ಕೂತು ಪೆನ್ನಿನ ತುದಿ ಕಚ್ಚುತ್ತಿರುವ ಹುಡುಗಿಯ ರಕ್ತದಲ್ಲಿ, ಈ ಲೋಕದಲ್ಲಿ ಇನ್ನೂ ಹುಟ್ಟದ, ಯಾವುದೋ ಕಾಡಿನ ಯಾವುದೋ ಬಾವಲಿಯಲ್ಲಿ ಮುಂದೆಂದೋ ರೂಪ ತಾಳಲಿರುವ ವೈರಾಣುವೊಂದರ ಗುರುತು ಈಗಲೇ ಸುತ್ತುತ್ತಿರಬಹುದು. 2019ಕ್ಕೆ ಮೊದಲು ನಮ್ಮೆಲ್ಲರ ಮೈಯಲ್ಲೂ ಹಾಗೆ ಏನೋ ಒಂದು ಸುಮ್ಮನೆ ಸುತ್ತುತ್ತಿತ್ತು; ಕೊರೋನಾ ಬಂದು ಗಡಿಯ ಚೆಕ್‌ಪೋಸ್ಟುಗಳು ಮುಚ್ಚಿ, ಆ ಬಸ್ಸೂ ಈ ಬಸ್ಸೂ ನಿಂತು, ಊರು ತನ್ನಷ್ಟಕ್ಕೆ ಕೂತ ದಿನಗಳಲ್ಲಿ ಅದು ಒಬ್ಬೊಬ್ಬರಲ್ಲಿ ಎಚ್ಚರಗೊಂಡಿತು, ಕೆಲವರಲ್ಲಿ ತಡವಾಗಿ.

ಬೇಕಾಬಿಟ್ಟಿ ಜೋಡಿಸಿದರೆ ಅಪಾಯವೂ ಉಂಟು: ನಮ್ಮನ್ನೇ ಪರರೆಂದು ಓದುವ ಕಣಗಳೂ ಹುಟ್ಟುತ್ತವೆ. ಟಿ ಕಣಗಳನ್ನು ಈ ದೃಷ್ಟಿಯಿಂದ ತೂಗಿ ನೋಡುವ ಜಾಗ ಎದೆಮೂಳೆಯ ಹಿಂದೆ, ಹೃದಯಕ್ಕೆ ತುಸು ಮೇಲೆ ಇದೆ. ಥೈಮಸ್ ಎಂಬ ಮೆತ್ತನೆಯ ಗ್ರಂಥಿ. 1961ರಲ್ಲಿ ಜ್ಯಾಕ್ ಮಿಲ್ಲರ್ ಆಗತಾನೆ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದು ನೋಡುವವರೆಗೆ ಅದೊಂದು ಕೆಲಸವಿಲ್ಲದ ಉಳಿಕೆ ಎಂದೇ ಬಹುಪಾಲು ವೈದ್ಯರ ಎಣಿಕೆ. ಅಲ್ಲಿಗೆ ಬಂದ ಎಳೆಯ ಕಣಗಳಿಗೆ ದೇಹ ತನ್ನದೆಲ್ಲವನ್ನೂ ತೋರಿಸುತ್ತದೆ. ಅಗ್ನ್ಯಾಶಯ ಮಾತ್ರ ಮಾಡುವ ಇನ್ಸುಲಿನ್ನಿನ ಚೂರೂ ಅಲ್ಲಿ ಕಾಣಸಿಗುತ್ತದೆ. ಅದಕ್ಕೆ ಬಲವಾಗಿ ಅಂಟಿಕೊಂಡವು ಅಲ್ಲಿಯೇ ಅಳಿಯುತ್ತವೆ, ಏನನ್ನೂ ಓದಲಾರದವೂ ಅಳಿಯುತ್ತವೆ. ನೂರರಲ್ಲಿ ಐದು ಕೂಡ ಹೊರಬರುವುದಿಲ್ಲ. ಹರೆಯದ ಹೊಸ್ತಿಲಲ್ಲಿ ಈ ಗ್ರಂಥಿ ತನ್ನ ಪೂರ್ತಿ ತೂಕಕ್ಕೆ ಬಂದಿರುತ್ತದೆ, ಆಮೇಲೆ ವರ್ಷವರ್ಷಕ್ಕೂ ಕರಗುತ್ತ ಕೊಬ್ಬಾಗುತ್ತದೆ. ಅಂದರೆ ನಾನು ಅದರ ಚಿತ್ರ ಬರೆಯುತ್ತಿರುವಾಗ, ನನ್ನೆದೆಯಲ್ಲಿ ಅದು ಹೆಚ್ಚುಕಡಿಮೆ ಮುಗಿದ ಕೆಲಸ; ಎದುರಿಗೆ ಕೂತ ಅಷ್ಟೂ ಎದೆಗಳಲ್ಲಿ, ಅಂಗಿಯ ಎರಡನೇ ಗುಂಡಿಯ ಹಿಂದೆ, ಅದು ಭರದಿಂದ ನಡೆಯುತ್ತಿದೆ. ಮಕ್ಕಳು ನನ್ನ ಪಾಠವನ್ನು ಕೇಳುತ್ತಿರಲಿ, ಕಿಟಕಿಯಾಚೆ ನೋಡುತ್ತಿರಲಿ, ಅದು ನಿಲ್ಲುವುದಿಲ್ಲ. ಮೇಷ್ಟರಿಗೆ ಇಂಥ ವಿಷಯ ತಿಳಿದಿರುವುದು ಒಂದು ಬಗೆಯಲ್ಲಿ ಒಳ್ಳೆಯದು. ದನಿ ಎತ್ತರಿಸಬೇಕು ಅನ್ನಿಸಿದಾಗ ನೆನಪಾದರೆ ಸಾಕು.

ದನದ ವಿಚಾರ ಬಂದಾಗ ಮಾತ್ರ ಪಾಠ ನನ್ನ ಕೈಯಲ್ಲಿರುವುದಿಲ್ಲ. ದೀಪಾವಳಿ ಮುಗಿಯುತ್ತಲೇ ಗುಮಟಾಪುರದ ಗೋರೆ ಹಬ್ಬದಲ್ಲಿ ಸೆಗಣಿಯ ಗುಡ್ಡೆಗೆ ಇಳಿದು, ಒಬ್ಬರಿಗೊಬ್ಬರು ಉಂಡೆ ಎಸೆದು, ಮಿಂದು ಬರುವ ಹುಡುಗರಿವರು. ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಲು ಬಂದಾಗ ಎತ್ತಿನ ಮೂಗುದಾರ ಹಿಡಿದು ನಿಲ್ಲುವವರೂ ಇವರೇ. ಕರು ಹುಟ್ಟಿದ ಕೂಡಲೆ ಗಿಣ್ಣುಹಾಲು ಕುಡಿಸಬೇಕು, ಇಲ್ಲದಿದ್ದರೆ ಕರು ನಿಲ್ಲದು ಎಂಬುದು ಅವರಿಗೆ ನನಗಿಂತ ಮೊದಲೇ ಗೊತ್ತು. ಹಸುವಿನ ಗರ್ಭದೊಳಗೆ ತಾಯಿಯ ಪ್ರತಿಕಾಯಗಳು ಕರುವನ್ನು ಸೇರುವುದಿಲ್ಲ. ಅದು ರೋಗದ ಲೋಕಕ್ಕೆ ಬರಿಗೈಯಲ್ಲಿ ಇಳಿಯುತ್ತದೆ. ತಾಯಿ ತಾನು ಮೇದ ಬಯಲುಗಳಲ್ಲಿ, ತಾನು ಕುಡಿದ ಕೆರೆಗಳಲ್ಲಿ ಕಂಡ ರೋಗಗಳ ಗುರುತನ್ನೆಲ್ಲ ಆ ಮೊದಲ ಹಳದಿ ಮಂದ ಹಾಲಿನಲ್ಲಿ ತುಂಬಿ ಕೊಡುತ್ತಾಳೆ. ಕರುವಿನ ಕರುಳು ಆ ದೊಡ್ಡ ಪ್ರೋಟೀನುಗಳನ್ನು ಒಡೆಯದೆ ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಸುಮಾರು ಒಂದು ದಿನ ಮಾತ್ರ; ಆಮೇಲೆ ಆ ದಾರಿ ಮುಚ್ಚುತ್ತದೆ, ಮತ್ತೆಂದೂ ತೆರೆಯುವುದಿಲ್ಲ. ಮನುಷ್ಯರ ಕೂಸಿಗೆ ಬಸಿರಲ್ಲೇ ಒಂದು ಪಾಲು ಸಿಕ್ಕಿರುತ್ತದೆ, ಇನ್ನೊಂದು ಪಾಲು ಎದೆಹಾಲಿನಲ್ಲಿ. ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುವ ನಾವು ಆ ಕರುವಿನ ಪಾಲಿನ ಎಷ್ಟು ನೆನಪನ್ನು ನಾಲಿಗೆಯ ಮೇಲೆ ಕರಗಿಸಿಕೊಂಡಿದ್ದೇವೋ. ಕರುವಿಗೆ ಬೇಕಾದಷ್ಟು ಬಿಟ್ಟ ಮೇಲೆಯೇ ಕರೆಯುವ ಮನೆಗಳೂ ಇವೆ. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ.

‘ಒಂದ್ಸಲ ಅಮ್ಮ ಆದ್ರ ಇನ್ನೊಂದ್ಸಲ ಆಗದಿಲ್ಲ ಸಾ’ ಎಂದು ಹಿಂದಿನ ಬೆಂಚಿನಿಂದ ಯಾರೋ ಹೇಳುತ್ತಾರೆ. ಘಾಟಿಯ ಬುಡದ ಬಣ್ಣಾರಿಯಲ್ಲಿ ಅಮ್ಮನ ಕೊಂಡ ಹಾಯಲು ಪ್ರತಿ ವರ್ಷ ಇಳಿದು ಹೋಗುವ ಊರುಗಳಿವು. ಮೈಮೇಲೆ ಗುಳ್ಳೆ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ದನಿ ತಗ್ಗಿಸಿ ಮಾತಾಡುವ ಮನೆಗಳಿವು. ಹಿಂದೆ ಒಮ್ಮೆ ಅಮ್ಮ ಬಂದು ಹೋದ ಹೆಂಗಸೇ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಅವಳಿಗೆ ಮತ್ತೆ ಬಾರದು ಎಂಬುದನ್ನು ಊರು ಕಣ್ಣಾರೆ ಕಂಡು ಕಲಿತಿತ್ತು. ಮೈಸೂರು ಅರಮನೆಯ ಮೂವರು ಹೆಂಗಸರನ್ನು ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಅದರಲ್ಲೊಬ್ಬಳು ಸೀರೆಯ ಅಂಚು ಸರಿಸಿ ತೋಳನ್ನು ತುಸುವೇ ತೋರುತ್ತಾಳೆ. ಅದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ತೋಳು, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿ ಎಂದು ಚಿತ್ರವನ್ನು ಓದಿದ ಇತಿಹಾಸಕಾರರಿದ್ದಾರೆ. ಜಗತ್ತಿನಿಂದ ಸಿಡುಬು ಹೋಯಿತೆಂದು 1980ರಲ್ಲಿ ಸಾರಿದರು. ಬೇವು ಮಾತ್ರ ಉಳಿಯಿತು, ಉಳಿದದ್ದರಿಂದ ಯಾರಿಗೂ ಕೆಡುಕಾಗಿಲ್ಲ.

ಜ್ವರ ಇಳಿದ ಮೇಲೆ, ಸಾವಿರಗಳಾಗಿ ಹೊರಟ ಆ ಕಣಗಳಲ್ಲಿ ಬಹುಪಾಲು ಸಾಯುತ್ತವೆ. ಕೆಲವು ಉಳಿಯುತ್ತವೆ, ಮೂಳೆಯ ನೆಣದಲ್ಲಿ, ಗಂಟುಗಳಲ್ಲಿ, ಬಂದವನು ಹೊಕ್ಕಿದ್ದ ದಾರಿಯಲ್ಲೇ. 1918ರ ಫ್ಲೂವನ್ನು ಮಕ್ಕಳಾಗಿದ್ದಾಗ ದಾಟಿ ಬಂದ, 91ರಿಂದ 101 ವಯಸ್ಸಿನ 32 ಮಂದಿ ಹಿರಿಯರ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು: ಆ ವೈರಾಣುವಿನ ಗುರುತು ಎಲ್ಲರಲ್ಲೂ ಇತ್ತು. ಹೆಸರುಗಳು ಮರೆತಿರಬಹುದಾದ, ಕಣ್ಣು ಮಂಜಾಗಿರಬಹುದಾದ ಆ ದೇಹಗಳು ತೊಂಬತ್ತು ವರ್ಷ ಹಿಂದಿನ ಒಂದು ವಾರವನ್ನು ಮರೆತಿರಲಿಲ್ಲ.

ಇಷ್ಟು ಹೇಳಿ ಮುಗಿಸುವುದರಲ್ಲಿದ್ದೆ. ಸೀತಾಳೆ ಸಿಡುಬಿನ ವೈರಾಣು ಮಾತ್ರ ಹೋಗುವುದಿಲ್ಲ ಎಂದು ಮಾತಿಗೆ ಮಾತು ಬಂದು ಹೇಳಿದೆ: ಗುಳ್ಳೆ ಒಣಗಿ ಉದುರಿದ ಮೇಲೂ ಅದು ಬೆನ್ನುಹುರಿಯ ಪಕ್ಕದ ನರದ ಬೇರಿನಲ್ಲಿ ಅಡಗಿ ಮಲಗುತ್ತದೆ, ನೆನಪಿನ ಕಣಗಳು ಅದನ್ನು ಏಳಗೊಡದೆ ಐವತ್ತು ಅರವತ್ತು ವರ್ಷ ಕಾಯುತ್ತವೆ, ಮುಪ್ಪಿನಲ್ಲಿ ಆ ಕಾವಲು ಸಡಿಲವಾದಾಗ ಅದು ಅದೇ ನರದ ಗುಂಟ ಇಳಿದು ಪಕ್ಕೆಯ ಮೇಲೆ ಉರಿಯುವ ಗುಳ್ಳೆಗಳ ಸಾಲಾಗಿ ಬರುತ್ತದೆ, ನಾವು ಸರ್ಪಸುತ್ತು ಅನ್ನುತ್ತೇವೆ. ಪೆನ್ನು ಕಚ್ಚುತ್ತಿದ್ದ ಹುಡುಗಿ ಪೆನ್ನು ಕೆಳಗಿಟ್ಟಳು.

‘ನಮ್ಮಜ್ಜಿಗ ಸೋಮಾರದಿಂದ ಅದೇ ಆಗದ ಸಾ. ಚಿಕ್ಕೋಳಾಗಿದ್ದಾಗ ಅಮ್ಮ ಆಗಿತ್ತಂತ. ಅಂಗಾರ ಅಮ್ಮ ಓಗೇ ಇಲ್ವಾ?’

ಹೋಗಿಲ್ಲ ಅಂದೆ. ಅಂದು ಮಂಗಳವಾರ, ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಉರಿ ಬೇಗ ಇಳಿಯುತ್ತದೆ, ಸಂಜೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವಳ ಅಪ್ಪನಿಗೆ ಚೀಟಿ ಬರೆದೆ. ಮನೆಯಲ್ಲಿ ಇನ್ನೂ ಅಮ್ಮ ಆಗದ ಕೂಸು ಇದೆಯಾ ಎಂದು ಕೇಳಿದೆ. ಇದೆಯಂತೆ, ಚಿಕ್ಕಪ್ಪನ ಮಗ, ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಾನೆ. ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ.